ಪ್ಲಗ್ ವಾಯರು ಮತ್ತು ಮಾಸ್ತರರ ರೇಡಿಯೋ

ಹೋದ ತಿಂಗಳು ಗ್ಯಾರೇಜಿನವನು ನನ್ನ ಹಳೆಯ ಮೋಟರ್ ಸೈಕಲ್ಲಿಗೆ ಇಂಜಿನ್ನಿಗೆ ಕಿಡಿ ಒಯ್ಯುವ ಹೊಸ ಪ್ಲಗ್ ವಾಯರು ಹಾಕಲೆಂದು ಸುರುಳಿಯಿಂದ ಒಂದು ಮೊಳ ಕತ್ತರಿಸಿದ. ಕತ್ತರಿಸಿದ ತುದಿಯಿಂದ ಹೊಸ ರಬ್ಬರಿನ ಘಾಟು ಮೂಗಿಗೆ ಬಡಿಯಿತು. "ತಾಂಬ್ರದ್ದು ಹಾಕ್ಲ್ಯೋ, ಕಾರ್ಬನ್‌ದು ಹಾಕ್ಲ್ಯೋ ಸರ್?" ಎಂದು ಕೇಳಿದ. ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಧಾರವಾಡದ ಓಣಿಯಲ್ಲಿ ನನ್ನ ಗೋಡೆಯಾಚೆಗೆ ಇದ್ದ ತಬಲಾ ಮಾಸ್ತರರು ಎದುರಿಗೆ ಬಂದು ನಿಂತಂತಾಯಿತು.

ಆಗ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಹುಬ್ಬಳ್ಳಿ ಹತ್ತಿರದ ತಾರಿಹಾಳದ ಒಂದು ಕಾರ್ಖಾನೆಯಲ್ಲಿ ಲೇತ್ ಮಶಿನ್ ಮೇಲೆ ಕೆಲಸ ಮಾಡುತ್ತಿದ್ದೆ. ವಾಸ ಧಾರವಾಡದ ಬಾಡಿಗೆ ಖೋಲಿಯಲ್ಲಿ. ಓಡಾಟಕ್ಕೆ ಸೋದರಮಾವ ಬಿಟ್ಟುಕೊಟ್ಟ ಮೋಟರ್ ಸೈಕಲ್ಲು, ವಯಸ್ಸಿನಲ್ಲಿ ನನಗಿಂತ ಹಿರಿದು. ಕಿಡಿ ಹೊತ್ತಿಸುವ ಅದರ ಪಾಯಿಂಟುಗಳು ವಾರಕ್ಕೊಮ್ಮೆ ಕಪ್ಪಿಟ್ಟು ಕೈಕೊಡುತ್ತಿದ್ದವು. ಬೇಸತ್ತು ಅವನ್ನು ಕಿತ್ತು, ಎಲೆಕ್ಟ್ರಾನಿಕ್ ಇಗ್ನಿಷನ್ನಿನ ಪುಟ್ಟ ಡಬ್ಬಿಯೊಂದನ್ನು ಕೂರಿಸಿದೆ. ಅಂದಿನಿಂದ ಒಂದೇ ಕಿಕ್ಕಿಗೆ ಗಾಡಿ ಗುಡುಗತೊಡಗಿತು. ನಾನು ಬೀಗಿದೆ. ಮಾಸ್ತರರಿಗೆ ಮಾತ್ರ ಅಂದಿನಿಂದಲೇ ಕಾಟ ಶುರುವಾಯಿತು.

ಅವರು ಎಪ್ಪತ್ತು ದಾಟಿದವರು, ಒಬ್ಬರೇ ಇರುತ್ತಿದ್ದರು. ದಿನಾ ಬೆಳಿಗ್ಗೆ ಏಳೂವರೆಗೆ ಕಿಟಕಿಯ ಪಕ್ಕ ಕುಳಿತು ರೇಡಿಯೋದಲ್ಲಿ ಹಿಂದುಸ್ತಾನಿ ಸಂಗೀತ ಕೇಳುವುದು ಅವರ ಪೂಜೆಯಿದ್ದಂತೆ. ನಾನು ಡ್ಯೂಟಿಗೆ ಹೊರಡುವುದೂ ಅದೇ ಹೊತ್ತಿಗೆ. ಒಂದು ದಿನ ಬಾಗಿಲಿಗೆ ಬಂದರು.

"ತಮ್ಮಾ, ನಿನ್ನ ಗಾಡಿ ಚಾಲೂ ಆತಂದ್ರ ನನ್ನ ರೇಡಿಯೋದಾಗ ಕಾದ ಎಣ್ಣ್ಯಾಗ ಸಾಸಿವಿ ಸಿಡಿಧಾಂಗ ಆಗ್ತದ."

"ರೇಡಿಯೋ ಹಳೇದಾಗೇತಿ ಬಿಡ್ರಿ ಮಾಸ್ತರ್ರ," ಎಂದುಬಿಟ್ಟೆ.

ಅವರ ಮುಖ ಬಿಗಿಯಿತು. "ನಿನ್ನ ಇಂಜಿನ್ ನಡುನಡುವ ತಾಳದ ಒಂದು ಮಾತ್ರಿ ನುಂಗ್ತದ. ಅದನ್ನರ ನೋಡ್ಕೋ," ಎಂದು ಹೇಳಿ ಹೊರಟುಹೋದರು.

ಮಾತು ಖರೆ ಇತ್ತು. ವೇಗ ಏರಿದಾಗ ಇಂಜಿನ್ ಒಂದೊಂದು ಹೊಡೆತ ತಪ್ಪಿಸುತ್ತಿತ್ತು. ಆದರೆ ತಬಲಾ ಬಾರಿಸುವವರು ನನಗೆ ಇಂಜಿನ್ನಿನ ವಿಷಯ ಹೇಳುವುದೇ ಎಂಬ ಸಿಟ್ಟು. ಎರಡು ತಿಂಗಳು ನಮಗೆ ಮಾತಿಲ್ಲ. ಅವರು ಕಿಟಕಿಯನ್ನು ಧಡಾರನೆ ಮುಚ್ಚುವರು, ನಾನು ಬೇಕೆಂದೇ ಇನ್ನೊಮ್ಮೆ ಎಕ್ಸಲರೇಟರ್ ತಿರುವುವೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಒಂದು ಭಾನುವಾರ ಅವರು ಮತ್ತೆ ಬಂದರು. ಈ ಸಲ ದನಿಯಲ್ಲಿ ಸಿಟ್ಟಿರಲಿಲ್ಲ. ಆರು ವರ್ಷದ ಹಿಂದೆ ತೀರಿಕೊಂಡ ಅವರ ಹೆಂಡತಿ ಗಾಯಕಿಯಾಗಿದ್ದರು. ಬಹಳ ವರ್ಷಗಳ ಹಿಂದೆ ಆಕೆ ರೇಡಿಯೋಕ್ಕೆ ಹಾಡಿದ್ದ ಒಂದು ಧ್ವನಿಮುದ್ರಣ ಹೇಗೋ ಉಳಿದುಕೊಂಡಿತ್ತಂತೆ. ಅದಕ್ಕೆ ತಬಲಾ ಸಾಥ್ ಮಾಸ್ತರರದೇ. ಅದನ್ನು ಬರುವ ಗುರುವಾರ ಪ್ರಸಾರ ಮಾಡುತ್ತಾರೆ ಎಂದು ತಿಳಿದುಬಂದಿತ್ತು. ಆಕೆಯ ದನಿ ಬೇರೆಲ್ಲೂ ಉಳಿದಿರಲಿಲ್ಲ. ಅವರ ರೇಡಿಯೋದಲ್ಲೇ ಟೇಪೂ ಇತ್ತು; ಹೊರಗಿನ ಸದ್ದು ಸೇರದಂತೆ ನೇರ ಅದರಲ್ಲೇ ತುಂಬಿಕೊಳ್ಳಲು ಮಾಸ್ತರರು ಹೊಸ ಕ್ಯಾಸೆಟ್ಟು ತಂದಿಟ್ಟುಕೊಂಡಿದ್ದರು.

"ಅವತ್ತೊಂದಿನ ಗಾಡಿ ಚಾಲೂ ಮಾಡಬ್ಯಾಡೋ ತಮ್ಮಾ. ಕೈ ಮುಗೀತೀನಿ," ಎಂದರು. ಖರೇನೇ ಕೈ ಮುಗಿದರು.

ಅದೊಂದು ದಿನ ಗಾಡಿ ಮುಟ್ಟದಿದ್ದರೆ ಸಾಕಿತ್ತು. ಆದರೆ ಆ ಮುಗಿದ ಕೈಗಳು ಕಣ್ಣ ಮುಂದಿನಿಂದ ಹೋಗಲಿಲ್ಲ. ಸೋಮವಾರ ಡ್ಯೂಟಿ ಮುಗಿಸಿ ಹುಬ್ಬಳ್ಳಿಯ ಕಮರಿಪೇಟೆಗೆ ಹೋಗಿ, ಪರಿಚಯದ ಬಿಡಿಭಾಗಗಳ ಅಂಗಡಿಯವರಿಗೆ ನನ್ನ ಪ್ಲಗ್ ವಾಯರು ತೋರಿಸಿದೆ. ಅವರು ತುದಿ ಕೆರೆದು ನೋಡಿದರು.

"ಇದರಾಗ ಬರೇ ತಾಂಬ್ರದ ಎಳಿ ಐತ್ರಿ. ಪಾಯಿಂಟಿಗೆ ನಡೀತಿತ್ತು. ಈಗ ಕಿಡಿ ಜೋರ್ ಆಗೇತಿ, ಡಬ್ಬಿ ನಾಜೂಕ್ ಐತಿ. ಈ ವಾಯರ್ ರೇಡಿಯೋಕ್ಕ ಹೆಂಗ ಗದ್ದಲ ಮಾಡ್ತೈತೋ ಡಬ್ಬಿಗೂ ಹಂಗ ಮಾಡ್ತೈತಿ. ಅದಕ್ಕ ಗಾಡಿ ಮಿಸ್ ಹೊಡೀತೈತಿ."

ರೇಡಿಯೋದ ಸಿಡಿತ, ಇಂಜಿನ್ನಿನ ತಪ್ಪಿದ ಹೊಡೆತ, ಎರಡೂ ಒಂದೇ ರೋಗ! ಮಾಸ್ತರರು ಕಿವಿಯಿಂದಲೇ ಎರಡನ್ನೂ ಹಿಡಿದಿದ್ದರು. ಅಂಗಡಿಯವರು ಒಳಗೆ ಕಾರ್ಬನ್ ಎಳೆಯಿದ್ದ ವಾಯರನ್ನೂ, ಕಿಡಿಯ ಗದ್ದಲ ತಡೆಯುವ ಪ್ಲಗ್ ಕ್ಯಾಪನ್ನೂ ಕೊಟ್ಟರು.

ಮಂಗಳವಾರ ಸಂಜೆ ಎರಡನ್ನೂ ಹಾಕಿ, ಮಾಸ್ತರರ ಬಾಗಿಲು ಬಡಿದು ವಿಷಯ ಹೇಳಿದೆ. ಅವರು ರೇಡಿಯೋ ಹಚ್ಚಿ ಕಿಟಕಿಯಲ್ಲಿ ಕುಳಿತರು. ಸಿಡಿತ ಕೇಳಿಸಿದರೆ ಕೈ ಎತ್ತಬೇಕು ಎಂಬುದು ಒಪ್ಪಂದ. ಕೈ ಏಳಲಿಲ್ಲ. ಆದರೆ ಇಂಜಿನ್ ಉಬ್ಬಸದವರಂತೆ ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತು. ಬುಧವಾರ ಬಸ್ಸು ಹಿಡಿದು ಮತ್ತೆ ಕಮರಿಪೇಟೆಗೆ ಹೋದೆ.

"ತಡೆ ಒಂದ ಕಡೆ ಇರಬೇಕ್ರಿ. ವಾಯರಿನ್ಯಾಗರ ಇರ್ಲಿ, ಕ್ಯಾಪಿನ್ಯಾಗರ ಇರ್ಲಿ. ಎರಡೂ ಕಡೆ ತಡದ್ರ ಕಿಡಿ ಸಾಯತೈತಿ," ಎಂದು ಅಂಗಡಿಯವರು ಸಾದಾ ಕ್ಯಾಪು ಕೊಟ್ಟರು.

ಅಂದು ಸಂಜೆ ಗಾಡಿ ಎರಡನೆಯ ಕಿಕ್ಕಿಗೆ ಚಾಲೂ ಆಯಿತು. ಮಾಸ್ತರರು ರೇಡಿಯೋಕ್ಕೆ ಕಿವಿ ಹಚ್ಚಿ ಕುಳಿತಿದ್ದರು. ಎಕ್ಸಲರೇಟರ್ ಪೂರ್ತಿ ತಿರುವಿದಾಗ ಅವರ ಕೈ ಅರ್ಧಕ್ಕೆ ಎದ್ದು ಅಲ್ಲೇ ನಿಂತಿತು.

"ಒಮ್ಮೆ ಕರ್ ಅಂತೇನೋ… ಇಲ್ಲಾ ನನ್ನ ಕಿವೀನ ಹಂಗ ಆಗ್ಯಾವೋ… ಗೊತ್ತಾಗವಲ್ತು."

ಆ ಸಂಶಯ ಬಗೆಹರಿಯಲಿಲ್ಲ. ಗುರುವಾರ ಗಾಡಿ ಮುಟ್ಟುವುದೇ ಬೇಡವೆಂದು ಬೆಳಗಿನ ಹೊತ್ತಿಗೆ ರಜೆ ಹಾಕಿದೆ. ಮಾಸ್ತರರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಏಳೂವರೆಗೆ ಟೇಪಿನ ಗುಂಡಿ ಒತ್ತಿದರು. ತಂಬೂರಿ, ಅದರ ಮೇಲೆ ಆಕೆಯ ದನಿ… ಮಾಸ್ತರರು ಮೊಣಕಾಲ ಮೇಲೆ ಬೆರಳಾಡಿಸುತ್ತ ಕಣ್ಣು ಮುಚ್ಚಿದರು.

ಕಾಲು ಗಂಟೆ ಕಳೆದಿರಬೇಕು. ಅವರ ಎಡಗೈ ನಿಂತುಹೋಯಿತು. ನೋಡಿದರೆ ಬೆಳಗಿನ ತಂಪಿನಲ್ಲೂ ಹಣೆಯ ತುಂಬ ಬೆವರು.

"ಎದಿ ಹಿಡದದ. ಗ್ಯಾಸ್ ಇರಬೇಕು. ಇನ್ನೂ ಅರ್ಧ ತಾಸು ಅದ, ಮುಗೀಲಿ…"

ತುಟಿ ಬಿಳಿಚಿಕೊಳ್ಳುತ್ತಿತ್ತು. ಓಣಿಯ ಮೂಲೆಗೆ ಓಡಿದೆ. ಒಂದೂ ಆಟೋ ಇಲ್ಲ. ಓಡಿ ಬಂದರೆ ಅವರು ಗೋಡೆಗೆ ಒರಗಿ ಇನ್ನೂ ಕೇಳುತ್ತಲೇ ಇದ್ದರು. ಟೇಪು ತಿರುಗುತ್ತಿರಲೆಂದು ಹಾಗೇ ಬಿಟ್ಟು, ಅವರನ್ನು ಎತ್ತಿ ತಂದು ಗಾಡಿಯ ಹಿಂದೆ ಕೂರಿಸಿಕೊಂಡು, ಅವರ ಶಾಲಿನಿಂದಲೇ ಅವರನ್ನು ನನ್ನ ಬೆನ್ನಿಗೆ ಬಿಗಿದುಕೊಂಡೆ.

"ಇಲ್ಲೆ ಚಾಲೂ ಮಾಡಬ್ಯಾಡೋ. ಮೂಲಿ ಮಟಾ ದೂಡ್ಕೊಂಡು ಹೋಗು," ಎಂದು ಬೇಡಿಕೊಂಡರು.

ನಮ್ಮ ಓಣಿ ಏರು. ಅವರನ್ನು ಹೊತ್ತು ದೂಡುವ ಮಾತೇ ಇರಲಿಲ್ಲ. ಕಿಟಕಿಯ ಕೆಳಗೇ ಕಿಕ್ ಹೊಡೆದೆ. ಉಸಿರಿಲ್ಲ. ಇನ್ನೊಂದು, ಕೆಮ್ಮಿತು. ಮೂರನೆಯದಕ್ಕೆ ಗುಡುಗಿತು. ಆ ಸದ್ದಿನಲ್ಲಿ ರೇಡಿಯೋ ಏನಾಯಿತೋ ಕೇಳಲಿಲ್ಲ.

ಏರಿನಲ್ಲಿ ಅವರ ಗದ್ದ ನನ್ನ ಹೆಗಲನ್ನು ಒತ್ತುತ್ತಿತ್ತು. ಈ ಇಂಜಿನ್ ಈಗ ಒಂದು ಹೊಡೆತ ನುಂಗಿದರೂ ಮುಗಿಯಿತು ಎಂದುಕೊಂಡು ಹಲ್ಲು ಕಚ್ಚಿ ಓಡಿಸಿದೆ. ನನ್ನ ಪಕ್ಕೆಯ ಮೇಲೆ ಅವರ ಬಲಗೈ ಬೆರಳು ಮೆಲ್ಲಗೆ ಬಡಿಯುತ್ತಿತ್ತು, ಹಾಡು ಅವರಿಗೆ ಇನ್ನೂ ಕೇಳಿಸುತ್ತಿತ್ತೇನೋ. ದೊಡ್ಡ ರಸ್ತೆಗೆ ಬರುವಷ್ಟರಲ್ಲಿ ಬೆರಳು ನಿಂತಿತು.

"ಮಾಸ್ತರ್ರ!" ಎಂದು ಕೂಗಿದೆ. ಮತ್ತೊಮ್ಮೆ ಕೂಗಿದೆ. "ಹೂಂ," ಎಂದರು, ಬಹಳ ದೂರದಿಂದ.

ಇಂಜಿನ್ ಒಂದೇ ಒಂದು ಹೊಡೆತ ತಪ್ಪಿಸಲಿಲ್ಲ. ಸರಕಾರಿ ಆಸ್ಪತ್ರೆಯ ಡಾಕ್ಟರು, ಇನ್ನೂ ಸ್ವಲ್ಪ ತಡವಾಗಿದ್ದರೂ ಕಷ್ಟವಿತ್ತು ಎಂದರು. ಸಂಜೆ ಕಣ್ಣು ಬಿಟ್ಟ ಮಾಸ್ತರರು ತಮ್ಮ ಎದೆಯ ವಿಚಾರ ಕೇಳಲಿಲ್ಲ. "ಕರ್ ಅಂತೇನು?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಆ ಟೇಪನ್ನು ಒಬ್ಬನೇ ಹಾಕಿ ಕೇಳುವ ಧೈರ್ಯ ನನಗೆ ಬಂದಿರಲಿಲ್ಲ.

ಹತ್ತು ಹನ್ನೆರಡು ದಿನದ ಮೇಲೆ ಅವರು ಮನೆಗೆ ಬಂದ ದಿನವೇ ಟೇಪು ಹಚ್ಚಿದೆವು. ನಾವು ಎದ್ದುಹೋದ ಜಾಗ ಹತ್ತಿರ ಬಂದಂತೆ ಅವರು ನನ್ನ ಮುಂಗೈ ಹಿಡಿದುಕೊಂಡರು. ಆಕೆ ಒಂದು ಸ್ವರದ ಮೇಲೆ ನಿಂತಿದ್ದರು. ನಿಂತೇ ಇದ್ದರು. ಸಿಡಿತವಿಲ್ಲ. ಕರ್ ಇಲ್ಲ. ಹಾಡು ಮುಂದೆ ಸಾಗಿತು.

"ನೀ ಎಲ್ಲೆ ಚಾಲೂ ಮಾಡಿದಿ ಅನ್ನೋದ ಗೊತ್ತಾಗ್ಲಿಲ್ಲಲ್ಲೋ!" ಎಂದು ಮಾಸ್ತರರು ಮಗುವಿನಂತೆ ನಕ್ಕರು. ನನ್ನ ಕಣ್ಣು ತುಂಬಿ ಬಂತು.

ಅದಾಗಿ ಹತ್ತು ನಿಮಿಷಕ್ಕೆ, ಆಕೆಯ ತಾನ ಸ್ವರ ಸ್ವರವಾಗಿ ಏರುತ್ತಿದ್ದಾಗಲೇ, ಟೇಪು ಟಕ್ ಎಂದು ನಿಂತಿತು. ಕ್ಯಾಸೆಟ್ಟಿನ ಒಂದು ಮಗ್ಗುಲು ಅಷ್ಟೇ. ಹೊರಳಿಸಿ ಹಾಕಲು ಅಂದು ಮನೆಯಲ್ಲಿ ಯಾರಿದ್ದರು? ಎಲ್ಲವನ್ನೂ ಯೋಚಿಸಿದ್ದ ನಾವು ಅದನ್ನು ಯೋಚಿಸಿರಲಿಲ್ಲ.

ನಾನು ತಲೆ ತಗ್ಗಿಸಿದೆ. ಮಾಸ್ತರರು ಮೇಜಿನ ಮೇಲೆ ಬೆರಳಿಟ್ಟರು. ತಾನ ನಿಂತಲ್ಲಿಂದಲೇ ಎತ್ತಿಕೊಂಡು, ಒಡೆದ ದನಿಯಲ್ಲಿ ಆಕೆಯ ಹಾಡನ್ನೂ ತಮ್ಮ ತಬಲೆಯ ಬೋಲುಗಳನ್ನೂ ತಾವೇ ಹೇಳುತ್ತ ಕೊನೆಯವರೆಗೆ ಮುಟ್ಟಿಸಿದರು. ಮುಂದೆ ಆ ಟೇಪು ಹಾಕಿದಾಗಲೆಲ್ಲ ಹಾಗೆಯೇ. ನಾನು ನಾಲ್ಕಾರು ಸಲ ಕೇಳಿರಬೇಕು. ಒಮ್ಮೆಯೂ ಅವರು ಹೇಳುವುದನ್ನು ಟೇಪಿಗೆ ತುಂಬಿಕೊಳ್ಳೋಣ ಎಂದು ನನಗೆ ಹೊಳೆಯಲಿಲ್ಲ…

ಎರಡು ವರ್ಷದ ನಂತರ ಅವರು ನಿದ್ದೆಯಲ್ಲೇ ಹೋದರು. ಸೊಲ್ಲಾಪುರದಿಂದ ಬಂದ ಮಗಳು ಸಾಮಾನು ಕಟ್ಟುವಾಗ ನನಗೆ ಆ ಟೇಪಿನದೊಂದು ಪ್ರತಿ ಮಾಡಿಸಿಕೊಟ್ಟರು.

ಗ್ಯಾರೇಜಿನವನಿಗೆ ಕಾರ್ಬನ್‌ದೇ ಹಾಕೆಂದು ಹೇಳಿ ಮನೆಗೆ ಬಂದು, ಎಷ್ಟೋ ವರ್ಷದ ಮೇಲೆ ಆ ಹಾಡು ಹಚ್ಚಿದೆ. ನಿಂತಲ್ಲಿಗೆ ನಿಂತಿತು. ಮುಂದಿನದನ್ನು ನೆನಪಿಸಿಕೊಳ್ಳಲು ನೋಡಿದೆ. ತಾಳದ ಎರಡು ಆವರ್ತದಷ್ಟು ಬಂತೇನೋ… ಆಮೇಲೆ ಬರಲಿಲ್ಲ. ಕೇಳೋಣವೆಂದರೆ, ಅದು ಗೊತ್ತಿದ್ದವರು ಇಬ್ಬರೂ ಈಗ ಇಲ್ಲ.