ಕಾಳಿನ ಖೋಲಿ ಟಿಳಕವಾಡಿಗೆ ಬಂದ ದಿನ

ನಾನಿನ್ನೂ ಚಿಕ್ಕವಳಿದ್ದಾಗ, ಅಕ್ಕನ ಲಂಗದ ಅಂಚು ಹಿಡಿದು ತಿರುಗುವ ವಯಸ್ಸಿನಲ್ಲಿ, ನಾವು ಖಾನಾಪುರದಲ್ಲಿ ಬಾಡಿಗೆಗಿದ್ದೆವು. ಆ ಮನೆಯ ಅಡುಗೆಮನೆಗೆ ಹೊಂದಿಕೊಂಡು ಒಂದು ಕತ್ತಲೆಯ ಕೋಣೆಯಿತ್ತು. ಅದನ್ನು ಕಾಳಿನ ಖೋಲಿ ಎನ್ನುತ್ತಿದ್ದೆವು. ಕಿಟಕಿ ಇರಲಿಲ್ಲ. ಗೋಡೆಯ ಮೇಲ್ಗಡೆ ಅಂಗೈಯಗಲದ ಬೆಳಕಿಂಡಿ, ಅಷ್ಟೇ. ಒಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಬರುತ್ತಿದ್ದದ್ದು ಅಕ್ಕಿಯ ಘಮ. ಅದರ ಹಿಂದೆಯೇ ಒಣಮೆಣಸಿನಕಾಯಿಯ ಘಾಟು, ಹುಣಸೆಹಣ್ಣಿನ ಹುಳಿವಾಸನೆ, ಅಕ್ಕಿಯ ನಡುವೆ ಹುದುಗಿಸಿಟ್ಟ ಬೇವಿನೆಲೆಯ ಕಹಿ.

ಆ ಖೋಲಿಯ ಒಡತಿ ಆಯಿ. ಆಯಿ ಎಂದರೆ ಅಪ್ಪನ ಅವ್ವ. ಅವಳ ಕಣ್ಣು ವರ್ಷದಿಂದ ವರ್ಷಕ್ಕೆ ಮಂಜಾಗುತ್ತ ಬಂದು, ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಅಂಗಳದಲ್ಲಿ ನಡೆಯುವಾಗ ಅವಳು ನಮ್ಮ ಭುಜ ಹಿಡಿಯುತ್ತಿದ್ದಳು. ಆದರೆ ಕಾಳಿನ ಖೋಲಿಯ ಹೊಸ್ತಿಲು ದಾಟಿದಳೆಂದರೆ ಯಾರ ಆಸರೆಯೂ ಬೇಕಿರಲಿಲ್ಲ. ದೀಪ ಹಿಡಿದು ಹೋದ ಅವ್ವನಿಗಿಂತ ಬೇಗ, ಬೇಕಾದ್ದನ್ನೇ ಮೊರದಲ್ಲಿ ಹಾಕಿಕೊಂಡು ಹೊರಗೆ ಬರುತ್ತಿದ್ದಳು. ಅಕ್ಕ ಸಣ್ಣವಳಿದ್ದಾಗಿನಿಂದ ಮೊರ ಹಿಡಿದು ಅವಳ ಬೆನ್ನ ಹಿಂದೆಯೇ ಹೋಗುತ್ತಿದ್ದಳು.

ಬೇಸಿಗೆ ಬಂತೆಂದರೆ ಖೋಲಿ ತುಂಬುವ ಕೆಲಸ. ಮಳೆಗಾಲ ಮುಗಿಯುವವರೆಗಿನ ದಿನಸಿಯೆಲ್ಲ ಮೊದಲ ಮಳೆಗೆ ಮುಂಚೆ ಒಳಗಾಗಬೇಕು. ತೊಗರಿಬೇಳೆಗೆ ಹರಳೆಣ್ಣೆ ಸವರಿ ಬಿಸಿಲಿಗೆ ಹರವುತ್ತಿದ್ದರು. ಹೆಸರು, ಅಲಸಂದಿಗಳನ್ನು ಜರಡಿ ಹಿಡಿದ ಬೂದಿಯಲ್ಲಿ ಕಲಸಿಡುತ್ತಿದ್ದರು. ಹುಣಸೆಹಣ್ಣಿಗೆ ಹರಳುಪ್ಪು ಬೆರೆಸಿ ಉಂಡೆ ಕಟ್ಟುತ್ತಿದ್ದರು. ಒಂದೊಂದು ಕಾಳೂ ಅಡಕಲ ಗಡಿಗೆಗೆ ಹೋಗುತ್ತಿತ್ತು. ಕೆಳಗೆ ಹೊಟ್ಟೆ ಉಬ್ಬಿದ ದೊಡ್ಡ ಗಡಿಗೆ, ಅದರ ಮೇಲೆ ಸಣ್ಣದು, ಅದರ ಮೇಲೆ ಇನ್ನೂ ಸಣ್ಣದು. ಗೋಡೆಯುದ್ದಕ್ಕೂ ಗಡಿಗೆಗಳು ಹೀಗೆ ಒಂದರ ತಲೆಯ ಮೇಲೊಂದು ಕುಳಿತಿರುತ್ತಿದ್ದವು. ಆಯಿ ಬೆರಳ ಗೆಣ್ಣಿನಿಂದ ಗಡಿಗೆಯನ್ನು ಮೆಲ್ಲಗೆ ತಟ್ಟಿ, ಒಳಗೆ ಎಷ್ಟು ಉಳಿದಿದೆ ಎಂದು ಹೇಳಿಬಿಡುತ್ತಿದ್ದಳು.

ಅಪ್ಪ ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಕೆಲಸಕ್ಕಿದ್ದ. ದಿನಾಲೂ ರೈಲಿನಲ್ಲಿ ಹೋಗಿ ಬರುತ್ತಿದ್ದ. ಅಕ್ಕನಿಗೆ ದೊಡ್ಡ ಸಾಲಿಗೆ ಹೋಗುವ ಕಾಲ ಬಂದಾಗ ಬೆಳಗಾವಿಯಲ್ಲೇ, ಟಿಳಕವಾಡಿಯಲ್ಲಿ ಒಂದು ಸಣ್ಣ ಮನೆ ಹಿಡಿದ. ಒಂದು ಬೇಸಿಗೆಯಲ್ಲಿ ಖಾನಾಪುರದ ಮನೆ ಖಾಲಿ ಮಾಡಿದೆವು. ಗಡಿಗೆಗಳ ನಡುವೆ ಹುಲ್ಲು ತುರುಕಿ ಲಾರಿಗೆ ಏರಿಸಿದ್ದಾಯಿತು. ದಾರಿಯುದ್ದಕ್ಕೂ ಆಯಿ ಒಂದು ಗಡಿಗೆಯನ್ನು ಮಡಿಲಲ್ಲೇ ಇಟ್ಟುಕೊಂಡು ಕುಳಿತಿದ್ದಳು.

ಹೊಸ ಮನೆಯಲ್ಲಿ ಕಾಳಿನ ಖೋಲಿ ಇರಲಿಲ್ಲ. ಅಡುಗೆಮನೆಯೂ ಕಿರಿದು. ಒಂದು ಗೋಡೆಯಲ್ಲಿ ಬಾಗಿಲಿಲ್ಲದ ಕಪಾಟು, ಅದರ ಕೆಳಗೆ ಒಂದಿಷ್ಟು ಜಾಗ. ಸಾಮಾನು ಇಳಿಸಿದವರು ಕೈಗೆ ಬಂದದ್ದನ್ನು ಬಂದಲ್ಲಿ ಇಟ್ಟರು. ಮರುದಿನ ಮುಂಜಾನೆ ಆಯಿ ಎಂದಿನಂತೆ ಎದ್ದು ಅಡುಗೆಮನೆಗೆ ಹೋದಳು. ಉಪ್ಪಿಗೆಂದು ಕೈ ಚಾಚಿದ್ದಳಂತೆ. ಉಪ್ಪು ಇರಬೇಕಾದಲ್ಲಿ ಮಾವಿನ ಉಪ್ಪಿನಕಾಯಿಯ ಬರಣಿ ಇತ್ತು. ಅದು ಉರುಳಿ ಬಿದ್ದು ಒಡೆಯಿತು.

ಸದ್ದಿಗೆ ನಾವೆಲ್ಲ ಓಡಿಬಂದೆವು. ಎಣ್ಣೆ, ಖಾರ, ಬರಣಿಯ ಚೂರುಗಳ ನಡುವೆ ಆಯಿ ಕದಲದೆ ನಿಂತಿದ್ದಳು. ಯಾರೂ ಬೈಯಲಿಲ್ಲ. ಅವ್ವ ಅವಳ ಕೈ ಹಿಡಿದು ಹೊರಗೆ ತಂದು ಕೂಡಿಸಿ, "ಹೋಗ್ಲಿ ಬಿಡ್ರಿ ಅತ್ತಿ. ಇನ್ನ ನೀವು ಸುಮ್ಮ ಆರಾಮ ಕುಂದರ್ರಿ, ಎಲ್ಲಾ ನಾ ನೋಡ್ಕೋತೀನಿ" ಅಂದಳು. ಅವ್ವ ಪ್ರೀತಿಯಿಂದಲೇ ಹೇಳಿದ್ದಳು. ಆದರೆ ಆಯಿಯ ಮುಖ ಸಣ್ಣದಾದದ್ದನ್ನು ನಾನು ನೋಡಿದೆ.

ಅಂದಿನಿಂದ ಆಯಿ ಪಡಸಾಲೆಯ ಬಾಗಿಲ ಹತ್ತಿರ ಕುಳಿತುಬಿಟ್ಟಳು. ಇವತ್ತು ಏನು ಅಡುಗೆ ಎಂದು ಕೇಳುತ್ತಿರಲಿಲ್ಲ. ಬಡಿಸಿದ್ದನ್ನು ಉಣ್ಣುತ್ತಿದ್ದಳು, ಸಾಕು ಎನ್ನುತ್ತಿದ್ದಳು. ವಾರ ಕಳೆಯುವುದರೊಳಗೆ ಅಪ್ಪನನ್ನು ಕರೆದು, "ಯಪ್ಪಾ, ಖಾನಾಪುರದಾಗ ನನ್ನ ತಮ್ಮನ ಮನಿ ಐತಿ. ನನ್ನ ಅಲ್ಲಿ ಬಿಟ್ಟ ಬಾ" ಎಂದಳು.

"ಯಾಕಬೇ, ಇಲ್ಲೇನ ಕಡಿಮಿ ಆಗೇತಿ?" ಎಂದ ಅಪ್ಪ.

"ಕಡಿಮಿ ಏನಿಲ್ಲೋ. ನಾನ ಹೆಚ್ಚಾಗೇನಿ."

ಅಪ್ಪ ಎಷ್ಟು ಹೇಳಿದರೂ ಅವಳು ಕೇಳಲಿಲ್ಲ. ಕೊನೆಗೆ ಬರುವ ರವಿವಾರ ಮುಂಜಾನೆಯ ಗಾಡಿಗೆ ಕರೆದುಕೊಂಡು ಹೋಗುವುದೆಂದು ನಿಶ್ಚಯವಾಯಿತು. ಆಯಿ ತನ್ನ ಸೀರೆಗಳನ್ನು ತಾನೇ ತಡವಿ ಮಡಚಿ ಗಂಟು ಕಟ್ಟಿದಳು. ಅಕ್ಕ ಅದನ್ನೆಲ್ಲ ನೋಡುತ್ತಿದ್ದಳು.

ಶನಿವಾರ ಬಂತು. ಅಪ್ಪ ಕೆಲಸಕ್ಕೆ ಹೋಗಿದ್ದ. ಅವ್ವ ಜೋಳ ಬೀಸಿಸಿಕೊಂಡು ಬರಲು ಗಿರಣಿಗೆ ಹೋದಳು. ಅವಳು ಗೇಟು ದಾಟಿದ ಕೂಡಲೇ ಅಕ್ಕ ಲಂಗವನ್ನು ಮೇಲಕ್ಕೆ ಸಿಕ್ಕಿಸಿಕೊಂಡು, "ಬಾ, ಕೆಲಸ ಐತಿ" ಎಂದು ನನ್ನನ್ನು ಅಡುಗೆಮನೆಗೆ ಎಳೆದಳು. ಕಪಾಟಿನಲ್ಲಿದ್ದದ್ದನ್ನೆಲ್ಲ ಇಬ್ಬರೂ ಕೆಳಗಿಳಿಸಿದೆವು. ಗಡಿಗೆ, ಡಬ್ಬಿ, ಬರಣಿ, ಗಂಟುಗಳಿಂದ ನೆಲ ತುಂಬಿ, ಕಾಲಿಡಲು ಜಾಗವಿಲ್ಲದಂತಾಯಿತು.

ಆಮೇಲೆ ಅಕ್ಕ ವಿಚಿತ್ರವಾದ ಒಂದು ಕೆಲಸ ಮಾಡಿದಳು. ಗೋಡೆಯ ಮುಂದೆ ನಿಂತು ಕಣ್ಣು ಮುಚ್ಚಿ, ಕೈ ಚಾಚಿದಳು. ಅವಳು ಆಗ ಟಿಳಕವಾಡಿಯಲ್ಲಿ ಇರಲಿಲ್ಲ, ಖಾನಾಪುರದ ಆ ಕತ್ತಲೆಯ ಖೋಲಿಯಲ್ಲಿದ್ದಳು. "ಆಯಿ ಬಾಗಲಾ ದಾಟಿ ಬಲಗಡೆಯಿಂದ ಸುರು ಮಾಡ್ತಿದ್ಲು. ಮೊದಲ ಉಪ್ಪು, ಆಮ್ಯಾಲೆ ಖಾರಪುಡಿ, ಅದರ ಬಾಜುಕ ಹುಣಸಿಹಣ್ಣು..." ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಕೈಯನ್ನು ಗಾಳಿಯಲ್ಲಿ ಒಂದೊಂದೇ ಹೆಜ್ಜೆ ಸರಿಸಿದಳು. ಅಲ್ಲಿ ಮೂರು ಗೋಡೆಗಳ ಮೇಲೆ ಹಬ್ಬಿದ್ದ ಖೋಲಿಯನ್ನು ಇಲ್ಲಿ ಒಂದೇ ಗೋಡೆಗೆ ಇಳಿಸಬೇಕಿತ್ತು. ಬಲದಿಂದ ಎಡಕ್ಕೆ ಅದೇ ಕ್ರಮ ಎಂದು ಅಕ್ಕ ನಿರ್ಧರಿಸಿದಳು. ದಿನಾಲೂ ಬೇಕಾಗುವುದು ಆಯಿಯ ಎದೆಮಟ್ಟದ ಖಾನೆಗೆ, ಆಗಾಗ ಬೇಕಾಗುವುದು ಅದರ ಕೆಳಗೆ, ವರ್ಷದ ದಾಸ್ತಾನು ನೆಲಕ್ಕೆ. ಆಯಿಯ ಎತ್ತರ ಎಷ್ಟೆಂದು ತಿಳಿಯಲು ಅವಳು ತನ್ನ ಗಲ್ಲಕ್ಕೆ ಕೈ ಹಚ್ಚಿ ನೋಡಿಕೊಂಡಳು. ತಬ್ಬಿಕೊಂಡಾಗ ಆಯಿಯ ಭುಜ ಅಲ್ಲಿಗೇ ಬರುತ್ತಿತ್ತು.

ಅವ್ವ ಹೊಸ ಮನೆಗೆಂದು ತಂದ ಡಬ್ಬಿಗಳೆಲ್ಲ ಒಂದೇ ಅಳತೆಯವು. ಕಣ್ಣಿದ್ದವರಿಗೆ ಚೆಂದ, ಕೈಗೆ ಎಲ್ಲ ಒಂದೇ. ಅಕ್ಕ ಒಂದು ಕ್ಷಣ ಯೋಚಿಸಿ ಹಳೆಯ ಬಟ್ಟೆಯ ಗಂಟು ಬಿಚ್ಚಿದಳು. ತೊಗರಿಬೇಳೆಯ ಡಬ್ಬಿಯ ಕೊರಳಿಗೆ ನುಣುಪಾದ ಇಳಕಲ್ ರೇಷ್ಮೆ ಸೆರಗಿನ ಚೂರು ಕಟ್ಟಿದಳು. ಕಡಲೆಬೇಳೆಗೆ ಒರಟಾದ ತೆಂಗಿನ ನಾರಿನ ಹಗ್ಗ. ಹೆಸರಿಗೆ ಹೊಸೆದ ಹತ್ತಿಯ ದಾರ. ನಾನು ಗಂಟು ಹಾಕಿದೆ, ಅವಳು ಕಣ್ಣು ಮುಚ್ಚಿ ಬೆರಳಾಡಿಸಿ ಪರೀಕ್ಷಿಸಿದಳು. ತಪ್ಪಿದರೆ ಬಿಚ್ಚಿ ಮತ್ತೆ ಕಟ್ಟಿದೆವು.

ಗಡಿಗೆಗಳ ಸದ್ದು ಪಡಸಾಲೆಗೆ ಕೇಳಿಸದೆ ಇರುತ್ತದೆಯೇ? "ಒಳಗ ಯಾರು, ಏನ ನಡಸೀರಿ?" ಎಂದು ಆಯಿ ಕೇಳಿದಳು. ಅಕ್ಕ ಆ ಪ್ರಶ್ನೆಗೆ ಉತ್ತರ ಕೊಡದೆ ನನ್ನ ಕಡೆ ತಿರುಗಿ ಜೋರಾಗಿ, "ತಂಗಿ, ಬೆಲ್ಲದ ಗಡಿಗಿ ಒಲಿ ಬಾಜುಕ ಇಡೂಣು ತಗೋ" ಎಂದಳು.

ಆಯಿ ಸುಮ್ಮನಿರಲಿಲ್ಲ. "ಒಲಿ ಬಾಜುಕ ಬೆಲ್ಲಾ ಇಡ್ತಾರೇನ? ಕರಗಿ ನೀರಾಗತೈತಿ ಅದು."

"ಹಂಗಾರ ಆ ಮೂಲ್ಯಾಗ, ಅಕ್ಕಿ ಚೀಲಕ್ಕ ಹಚ್ಚಿ ಇಡ್ತೀನಿ."

"ಇರವಿ ಅಕ್ಕಿಗೂ ಹತ್ತತಾವಲ್ಲ. ಗಡಿಗಿ ತಳಕ್ಕ ನೀರಿನ ಪರಾತ ಇಡಬೇಕು ಅನ್ನೂದ ಮರತಿ?"

ಬೆಲ್ಲವನ್ನು ಹೇಗಿಡಬೇಕೆಂಬುದು ಅಕ್ಕನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವಳು ಕೆಳತುಟಿ ಕಚ್ಚಿ ನಗು ತಡೆದುಕೊಂಡಿದ್ದನ್ನು ನೋಡಿದಾಗ ನನಗೆ ಅರ್ಥವಾಯಿತು. ಆಮೇಲೆ ಅವಳು ಒಂದರ ಮೇಲೊಂದು ಬೇಕೆಂದೇ ತಪ್ಪು ಹೇಳುತ್ತ ಹೋದಳು. ಹುಣಸೆಹಣ್ಣನ್ನು ಹುಳಿಗೆ ಕಿಲುಬು ಹಿಡಿಯುವ ಹಿತ್ತಾಳೆ ಡಬ್ಬಿಗೆ ಹಾಕುತ್ತೇನೆ ಅಂದಾಗ ಆಯಿಗೆ ತಡೆಯಲಾಗಲಿಲ್ಲ. ಗೋಡೆ ಹಿಡಿದು ಎದ್ದು ಬಂದಳು. "ಸರಿ ಅತ್ತಾಗ. ನನ್ನ ಕೈಗೆ ಕೊಡು" ಎಂದಳು.

ಅಕ್ಕ ಅವಳ ಬಲಗೈಯನ್ನು ಹಿಡಿದು ಕಪಾಟಿನ ಅಂಚಿಗೆ ಮುಟ್ಟಿಸಿ ಬಿಟ್ಟಳು. ಮುಂದೆ ಆ ಕೈ ತಾನೇ ನಡೆಯಿತು. ಉಪ್ಪು, ಖಾರಪುಡಿ, ಹುಣಸೆಹಣ್ಣು ಇಡಲು ಬಿಟ್ಟ ಜಾಗ, ಒಣ ಮುರುಗಲ ಸಿಪ್ಪೆಯ ಆಮಸೂಲ. ಕೆಳಗಿನ ಖಾನೆಯಲ್ಲಿ ರೇಷ್ಮೆಯ ಗಂಟು, ನಾರಿನ ಗಂಟು, ದಾರದ ಗಂಟು. ಪ್ರತಿ ಗಂಟಿಗೂ ಆಯಿಯ ಬೆರಳು ನಿಂತು, ಡಬ್ಬಿಯ ಮುಚ್ಚಳ ತೆರೆದು, ಕಾಳು ಮುಟ್ಟಿ, ಮುಂದೆ ಸರಿಯಿತು. ಕೊನೆಯವರೆಗೂ ಹೋಗಿ ಮತ್ತೆ ಮೊದಲಿಗೆ ಬಂದಳು. ಆಮೇಲೆ, "ಅಲಸಂದಿ ಎಡಕ್ಕ ಇತ್ತು ಯವ್ವಾ, ಹೆಸರಿನ ಆಚಿ ಬಾಜು" ಎಂದಳು. ಅಕ್ಕ ಅಲಸಂದಿಯನ್ನು ಎಡಕ್ಕೆ ಸರಿಸಿದಳು.

ಅಲ್ಲಿಂದ ಮುಂದೆ ಆಯಿಯದೇ ಕಾರುಬಾರು. ನೆಲದ ಮೇಲಿನ ಜಾಗ ಸಾಲದು ಎಂದು ಅಕ್ಕ ಚಿಂತೆ ಮಾಡಿದಾಗ, "ಮನಿ ಸಣ್ಣದಾತಂದ್ರ ಮ್ಯಾಲ ಏರಸೂದು" ಎಂದು ಅಡಕಲ ಗಡಿಗೆಗಳನ್ನು ತಾನೇ ಜೋಡಿಸಿದಳು. ನಾನು ಬಟ್ಟೆಯ ಸಿಂಬಿ ಸುತ್ತಿ ಕೊಟ್ಟೆ. ಒಂದೊಂದು ಗಡಿಗೆ ಇಟ್ಟಾಗಲೂ ಎರಡೂ ಅಂಗೈಯಿಂದ ಅಲುಗಿಸಿ ನೋಡುತ್ತಿದ್ದಳು. ಅಷ್ಟು ಎತ್ತರದ ಸಾಲು ಒಂದಿಷ್ಟೂ ಓಲಾಡಲಿಲ್ಲ.

ಆಗಲೇ ಅವ್ವ ಬಂದಳು. ಬಿಸಿ ಹಿಟ್ಟಿನ ಡಬ್ಬಿ ಅವಳ ಸೊಂಟದ ಮೇಲಿತ್ತು. ಬಾಗಿಲಲ್ಲೇ ನಿಂತಳು. ನಾನು ಅಕ್ಕನ ಬೆನ್ನ ಹಿಂದೆ ಸರಿದೆ. ಅವ್ವನಿಗೆ ತನ್ನದೇ ಎನ್ನುವಂಥ ಅಡುಗೆಮನೆ ಸಿಕ್ಕಿದ್ದು ಅದೇ ಮೊದಲು. ಹೊಸ ಡಬ್ಬಿಗಳನ್ನು ಅವಳು ಒರೆಸಿ ಒರೆಸಿ ಸಾಲಾಗಿ ಇಟ್ಟಿದ್ದಳು. ಈಗ ಅವುಗಳ ಕೊರಳಿಗೆಲ್ಲ ಚಿಂದಿ, ನಾರು. ಅವಳ ಕಣ್ಣು ಅಕ್ಕನ ಮೇಲೆ ಹೋಯಿತು, ಡಬ್ಬಿಗಳ ಮೇಲೆ ಹೋಯಿತು, ಕೊನೆಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಡಿಗೆಯ ಬಾಯಿ ಒರೆಸುತ್ತಿದ್ದ ಆಯಿಯ ಮೇಲೆ ನಿಂತಿತು.

"ಅತ್ತಿ, ಹಿಟ್ಟಿನ ಡಬ್ಬಿ ಎಲ್ಲಿ ಇಡ್ಲಿರಿ?" ಎಂದು ಕೇಳಿದಳು ಅವ್ವ.

ಆಯಿ ತಿರುಗಿದಳು. "ನೀ ರೊಟ್ಟಿ ಬಡಿಯಾಕ ಎಲ್ಲಿ ಕುಂದರತೀಯೋ ಅದರ ಎಡಕ್ಕ ಇಡವ್ವಾ. ನಿನಗ ಅನುಕೂಲ ಆಗಬೇಕಲ್ಲ."

ಅಷ್ಟೇ ಮಾತು. ಆದರೆ ನಾನು ಇವತ್ತಿಗೂ ಆ ಮೂವರನ್ನು ನೆನೆದರೆ ಬೆರಗಾಗುತ್ತೇನೆ. ಅಕ್ಕ ಆಗಿನ್ನೂ ಎರಡು ಜಡೆಯ ಹುಡುಗಿ. ಆಯಿಗೆ ಏನು ಬೇಕಾಗಿದೆ ಎಂದು ಅವಳಿಗೆ ಹೇಗೆ ತಿಳಿಯಿತೋ. ಮನಸ್ಸಿಗೆ ಬಂದ ಬೇಸರವನ್ನು ಅವ್ವ ಹೇಗೆ ಬಾಗಿಲಲ್ಲೇ ಇಳಿಸಿ ಬಂದಳೋ. ತನ್ನ ಕಾರುಬಾರಿನ ನಡುವೆ ಅವ್ವನ ಅನುಕೂಲ ಆಯಿಗೆ ಹೇಗೆ ನೆನಪಾಯಿತೋ.

ಸಂಜೆ ಅಪ್ಪ ಬಂದಾಗ ಆಯಿಯೇ ತಾಟಿನ ಮುಂದೆ ಕುಳಿತು ಬಡಿಸಿದಳು. ಬಿಸಿ ರೊಟ್ಟಿ, ಝುಣಕ, ಶೇಂಗಾ ಚಟ್ನಿ, ಆಮಸೂಲದ ಸಾರು. ಅಪ್ಪ ಅರ್ಧ ಊಟ ಮುಗಿಸಿದ. ಆಮೇಲೆ ಮೆಲ್ಲಗೆ, "ಅವ್ವಾ, ನಾಳಿ ಗಾಡಿ ಮುಂಜಾನೆ ಲಗೂನ ಐತಿ" ಎಂದ.

"ನಾಳಿ ಹಪ್ಪಳ ಮಾಡೂದೈತಿ" ಎಂದಳು ಆಯಿ, ರೊಟ್ಟಿಗೆ ಬೆಣ್ಣೆ ಹಾಕುತ್ತ. "ಮಳಿ ಬರೂದ್ರಾಗ ಒಣಗಬೇಕು. ನೀ ಹೋಗೂದಿದ್ರ ಹೋಗಿ ನನ್ನ ತಮ್ಮನ್ನ ಮಾತಾಡಿಸಿ ಬಾ."

ಅಪ್ಪ ತಲೆ ತಗ್ಗಿಸಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ಆಯಿ ಕೊನೆಯವರೆಗೂ ನಮ್ಮ ಜೊತೆಗೇ, ಆ ಸಣ್ಣ ಅಡುಗೆಮನೆಯಲ್ಲೇ ಇದ್ದಳು. ಓಣಿಯ ಮರಾಠಿ ಮಾವಶಿಯರೂ ಕಾಳಿಗೆ ಹುಳು ಹತ್ತಿದರೆ ಅವಳನ್ನೇ ಕೇಳಲು ಬರುತ್ತಿದ್ದರು.

ಮೊಮ್ಮಕ್ಕಳೇ, ಈಗ ನಿಮ್ಮ ಮನೆಯ ಅಡುಗೆಮನೆ ನೋಡಿದರೆ ನನಗೆ ಸಂತೋಷವೇ ಆಗುತ್ತದೆ. ಒಳಗಿನದು ಹೊರಗೆ ಕಾಣುವ ಡಬ್ಬಿಗಳು, ಅವುಗಳ ಮೇಲೆ ನಿಮ್ಮ ಅವ್ವ ದುಂಡಗೆ ಬರೆದು ಅಂಟಿಸಿದ ಹೆಸರುಗಳು, ಮುಟ್ಟಿದರೆ ಸದ್ದಿಲ್ಲದೆ ಮುಂದೆ ಬರುವ ಖಾನೆಗಳು. ಸಕ್ಕರೆ ಮುಗಿದರೆ ಫೋನಿನಲ್ಲಿ ಹೇಳುತ್ತೀರಿ, ಚಹಾದ ನೀರು ಕುದಿಯುವುದರೊಳಗೆ ಬಾಗಿಲಿಗೆ ಬರುತ್ತದೆ. ಮಳೆಗಾಲಕ್ಕೆಂದು ಯಾರೂ ಏನನ್ನೂ ಕೂಡಿಡಬೇಕಾಗಿಲ್ಲ. ಬೂದಿ, ಹರಳೆಣ್ಣೆಗಳ ಗೋಜಿಲ್ಲ. ಒಳ್ಳೆಯದೇ ಆಯಿತು. ಅವ್ವನ ಬೇಸಿಗೆಯೆಲ್ಲ ಅದರಲ್ಲೇ ಕಳೆದುಹೋಗುತ್ತಿತ್ತು.

ಮೊನ್ನೆ ಚಹಾ ಮಾಡಲು ಹೋದೆ. ಎಂದಿನಂತೆ ಮೇಲಿನ ಖಾನೆಗೆ ಕೈ ಎತ್ತಲು ನೋಡಿದೆ, ಭುಜದ ನೋವಿಗೆ ಕೈ ಏರಲಿಲ್ಲ. ಆಗ ಕಂಡಿತು. ಚಹಾಪುಡಿ, ಸಕ್ಕರೆ ಎರಡೂ ಒಲೆಯ ಪಕ್ಕ, ಕೆಳಗಿನ ಕಟ್ಟೆಯ ಮೇಲಿದ್ದವು. ನಿಮ್ಮಲ್ಲಿ ಯಾರು ಇಳಿಸಿಟ್ಟಿರೋ, ಹೇಳಲಿಲ್ಲ. ನಾನೂ ಕೇಳಲಿಲ್ಲ. ಆ ದಿನ ಎಲ್ಲರಿಗೂ ಚಹಾ ನಾನೇ ಮಾಡಿದೆ.