ಮುಂದಿನ ಗಾಲಿ, ಕೆಂಪು ವೃತ್ತ

ನಮ್ಮನೆಯವರ ಮುಖದ ಸುತ್ತ ಟೀವಿಯವರು ಕೆಂಪು ವೃತ್ತ ಎಳೆದಿದ್ದನ್ನ ನಾನು ಮೊದಲು ನೋಡಿದ್ದು ಜೋಗುಪಾಳ್ಯದ ಹಿಟ್ಟಿನ ಗಿರಣಿಯಲ್ಲಿ. ರಾಗಿ ಬೀಸೋಕೆ ಕೊಟ್ಟು ನಿಂತಿದ್ದೆ. ಗಿರಣಿ ಸದ್ದಿಗೆ ಟೀವಿ ಮಾತು ಕೇಳಿಸ್ತಿರಲಿಲ್ಲ, ಅಕ್ಷರಗಳು ಮಾತ್ರ ದಪ್ಪದಪ್ಪಗೆ ಓಡ್ತಿದ್ದವು. ‘ಸಿಬ್ಬಂದಿ ಎಡವಟ್ಟು? ಪೈಲಟ್ ಜಸ್ಟ್ ಮಿಸ್!’ ಕೆಳಗೆ ಒಂದು ಫೋಟೋ. ಹಸಿರು ಮೇಲಂಗಿ ತೊಟ್ಟು, ಕೈಯಲ್ಲಿ ಕೆಂಪು ಪಟ್ಟಿಗಳನ್ನ ಎತ್ತಿ ಹಿಡಿದು ನಿಂತಿರೋ ನನ್ನ ಗಂಡ. ಗಿರಣಿಯವರು ಒಂದು ಸಲ ಟೀವಿ ನೋಡಿದ್ರು, ಒಂದು ಸಲ ನನ್ನ ಮುಖ ನೋಡಿದ್ರು, ರಿಮೋಟು ತಗೊಂಡು ಆಫ್ ಮಾಡಿಬಿಟ್ರು. ಬೈದಿದ್ರೂ ಅಷ್ಟು ನೋಯ್ತಿರಲಿಲ್ಲ.

ನಮ್ಮನೆಯವರು ಕೆಲಸ ಮಾಡೋ ಜಾಗದ ಹೆಸರು ನಾನಿಲ್ಲಿ ಬರೆಯಲ್ಲ. ಯುದ್ಧವಿಮಾನ ಹಾರೋ ಮುಂಚೆ ಅದನ್ನ ಕೆಳಗಿಂದ ನೋಡಿ, ಮುಟ್ಟಿ, ಸರಿ ಅಂತ ಹೇಳಿ ಕಳಿಸೋ ತಂಡದಲ್ಲಿದ್ದಾರೆ, ಅಷ್ಟು ಸಾಕು. ನಿಂತಿರೋ ವಿಮಾನದ ಗಾಲಿ ತಾನಾಗೇ ಮಡಚಿಕೊಳ್ಳದ ಹಾಗೆ ಗಾಲಿಯ ಕಾಲಿಗೆ ಒಂದು ಪಿನ್ನು ಚುಚ್ಚಿರ್ತಾರೆ. ಪ್ರತಿ ಪಿನ್ನಿಗೂ ಒಂದು ಉದ್ದನೆ ಕೆಂಪು ಪಟ್ಟಿ. ಹಾರೋ ಮುಂಚೆ ಅದನ್ನೆಲ್ಲ ಕಿತ್ತು, ಮೇಲೆ ಕೂತಿರೋ ಪೈಲಟ್‌ಗೆ ಕಾಣೋ ಹಾಗೆ ಎತ್ತಿ ತೋರಿಸ್ಬೇಕು. ಎಲ್ಲಾ ತೆಗೆದಿದೀನಿ ನೋಡಪ್ಪಾ, ನಿನ್ನ ಜೀವಕ್ಕೆ ನಾನು ಜವಾಬ್ದಾರ ಅಂದ ಹಾಗೆ. ಪೈಲಟ್ ಎಣಿಸಿ, ಹೆಬ್ಬೆರಳೆತ್ತಿದ ಮೇಲೇನೇ ವಿಮಾನ ಕದಲೋದು. ಸಿಬ್ಬಂದಿಯ ಮನೆಮಂದಿಯನ್ನ ಒಳಗೆ ಬಿಟ್ಟಿದ್ದ ಒಂದು ದಿನ ನಾನೇ ಕಣ್ಣಾರೆ ನೋಡಿದೀನಿ. ಟೀವಿಗೆ ಸಿಕ್ಕಿದ್ದು ಆ ದಿನದ ಫೋಟೋನೇ.

ನಡೆದಿದ್ದು ಇಷ್ಟು. ಅವರು ನೋಡಿ ಕಳಿಸಿದ್ದ ವಿಮಾನ ವಾಪಸ್ಸು ಬಂದಾಗ ಮುಂದಿನ ಗಾಲಿ ಕೆಳಗೆ ಇಳಿಯಲಿಲ್ಲ. ಹಿಂದಿನ ಎರಡು ಗಾಲಿ ಮೇಲೆ ಇಳಿದು, ಕೊನೆಗೆ ಮೂಗು ನೆಲಕ್ಕೆ ಉಜ್ಜಿಕೊಂಡು ನಿಂತಿತು. ಪೈಲಟ್ ತಾನೇ ಇಳಿದು ನಡ್ಕೊಂಡು ಹೋದ, ದೇವರು ದೊಡ್ಡೋನು. ಬೆಂಕಿ ಗಿಂಕಿ ಏನೂ ಇಲ್ಲ. ಆದ್ರೆ ಟೀವಿಗೆ ಬೆಂಕಿ ಇಲ್ದಿದ್ರೆ ಆಗುತ್ತಾ? ಯಾವುದೋ ದೇಶದಲ್ಲಿ ಯಾವತ್ತೋ ಸುಟ್ಟುಹೋದ ವಿಮಾನ ತಂದು ಪಕ್ಕದಲ್ಲಿ ಹಚ್ಚಿದ್ರು. ಒಂದು ಚಾನೆಲ್ಲಿನವನು ಆಟದ ವಿಮಾನ ಹಿಡ್ಕೊಂಡು ಮೇಜಿನ ಮೇಲೆ ಕುಟ್ಟಿ ಕುಟ್ಟಿ ತೋರಿಸ್ತಿದ್ದ. ಆಮೇಲೆ ನಮ್ಮನೆಯವರ ಫೋಟೋ, ‘ಈ ಪಿನ್ ಮರೆತಿದ್ದೇ ಕಾರಣಾನಾ?’ ಕೊನೆಗೊಂದು ಪ್ರಶ್ನೆ ಚಿಹ್ನೆ ಹಾಕಿಬಿಟ್ರೆ ಯಾರ ಮಾನ ಬೇಕಾದ್ರೂ ತೆಗೀಬಹುದು ನೋಡಿ, ನಾವು ಕೇಳಿದ್ವಿ ಅಷ್ಟೇ, ಹೇಳಿಲ್ಲವಲ್ಲ ಅಂತಾರೆ.

ಪಿನ್ನು ಮರೆತ್ರೆ ಗಾಲಿ ಮೇಲಕ್ಕೆ ಮಡಚಿಕೊಳ್ಳೋದೇ ಇಲ್ಲ ಕಣ್ರಪ್ಪಾ! ಮೇಲಕ್ಕೆ ಹೋದ ಗಾಲಿ ತಾನೇ ಕೆಳಗೆ ಬರದೇ ಇರೋದು? ಅಷ್ಟೂ ಬುದ್ಧಿ ಬೇಡ್ವಾ? ಅದೂ ಅಲ್ದೆ ಫೋಟೋದಲ್ಲಿ ಪಿನ್ನು ಅವರ ಕೈಯಲ್ಲೇ ಇದೆ. ಬೇರೆ ದಿನದ್ದೇ ಆಗ್ಲಿ, ಕಿತ್ತು ತೋರಿಸ್ತಿರೋ ಫೋಟೋನೇ ಹಾಕಿ ಕಿತ್ತಿಲ್ಲ ಅಂದ್ರು. ಇದನ್ನ ನಾನು ಗಿರಣಿಯಿಂದ ಮನೆವರೆಗೂ ಒಬ್ಬಳೇ ಗೊಣಗಿಕೊಂಡು ಬಂದೆ.

ಮನೇಲಿ ಅತ್ತೆ ಟೀವಿ ಮುಂದೆ ಕೂತಿದ್ರು. ನಮ್ಮತ್ತೆ ಕೃಷ್ಣರಾಜಪುರದ ಆಚೆ ಹಳ್ಳಿಯವರು, ಮೂರು ಎಕರೆಯಲ್ಲಿ ಸೊಪ್ಪು ಬೆಳೆದು ತಲೆ ಮೇಲೆ ಹೊತ್ತು ಮಾರಿ ಈ ಒಬ್ಬ ಮಗನ್ನ ಓದಿಸಿದೋರು. ಓದು ಬರಹ ಹೆಚ್ಚಿಲ್ಲ, ಟೀವಿಯ ದಪ್ಪ ಅಕ್ಷರ ಮಾತ್ರ ಕೂಡಿಸಿ ಓದ್ತಾರೆ. ಮಳೆ ಬರುತ್ತೆ ಅಂತ ಟೀವಿ ಹೇಳಿದ್ರೆ ಬಿಸಿಲಲ್ಲೂ ಬಟ್ಟೆ ಎತ್ತಿಡೋರು. ನನ್ನ ನೋಡಿ, ಆ ಪೈಲಟ್ ಹುಡುಗನ ತಾಯಿ ಇದಾರೇನಮ್ಮ ಅಂತ ಕೇಳಿದ್ರು. ನನಗೇನು ಗೊತ್ತು ಅತ್ತೆ ಅಂದೆ. ಮಗನ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ನಮ್ಮನೆಯವರು ಬಂದಾಗ ಸಂಜೆಯಾಗಿತ್ತು. ಮುಖ ಬತ್ತಿ ಹೋಗಿತ್ತು. ವಿಚಾರಣೆ ಮುಗಿಯೋವರೆಗೂ ಈ ವಿಷಯ ಯಾರ ಹತ್ರನೂ ಮಾತಾಡಬಾರದು ಅಂತ ಅವರಿಗೆ ಹೇಳಿ ಕಳಿಸಿದ್ರು. ಯಾರ ಹತ್ರನೂ ಅಂದ್ರೆ ಪೇಪರಿನವರು, ಟೀವಿಯವರು ಅಂತ ನಾನೂ ನೀವೂ ಅರ್ಥ ಮಾಡ್ಕೋತೀವಿ. ನಮ್ಮ ಮಹಾನುಭಾವರಿಗೆ ಹೆತ್ತ ತಾಯಿನೂ ಅದರಲ್ಲಿ ಸೇರಿದ್ರು. ಇಪ್ಪತ್ತು ವರ್ಷ ಆ ಕೆಲಸದಲ್ಲಿ ಇದ್ದು ಇದ್ದು ಆಜ್ಞೆ ಅಂದ್ರೆ ಆಜ್ಞೆ. ಅಮ್ಮನಿಗೆ ಒಂದು ಮಾತು ‘ನಾನು ಮರೆತಿಲ್ಲಮ್ಮ’ ಅಂದುಬಿಡ್ರೀ ಅಂತ ನಾನು ಅಡುಗೆಮನೇಲಿ ಕಾಲಿಗೆ ಬೀಳೋದೊಂದು ಬಾಕಿ. ಅವರು, ನಾನು ಸರಿ ಮಾಡಿದೀನಿ ಅಂದ್ರೆ ಇನ್ಯಾರದೋ ತಪ್ಪು ಅಂದ ಹಾಗಾಗುತ್ತೆ, ಅದು ಗೊತ್ತಾಗೋವರೆಗೂ ಬಾಯಿ ಬಿಡಬಾರದು ಅಂದ್ರು. ಅತ್ತೆ ಮುಂದೆ ಕೂತು, ‘ವಿಚಾರಣೆ ನಡೀತಿದೆಯಮ್ಮ, ನೋಡೋಣ’ ಅಂತ ಅಷ್ಟೇ ಹೇಳಿ ಊಟಕ್ಕೆ ಎದ್ರು. ಅತ್ತೆಗೆ ವಿಚಾರಣೆ ಅಂದ್ರೆ ಪೊಲೀಸು, ಕೋರ್ಟು.

ಮಾರನೇ ದಿನ ನಾನೇ ಕೂತು, ಪಿನ್ನು, ಪಟ್ಟಿ, ಗಾಲಿ ಎಲ್ಲಾ ಬಿಡಿಸಿ ಹೇಳಿದೆ. ಸೌಟು, ಚಮಚ ಇಟ್ಟು ತೋರಿಸಿದೆ. ಅತ್ತೆ ತಾಳ್ಮೆಯಿಂದ ಕೇಳಿ, ಗಂಡನ ಪರ ನೀನಲ್ಲದೆ ಇನ್ಯಾರು ಹೇಳ್ತಾರಮ್ಮ, ಅವನೇ ಹೇಳ್ಲಿ ಅಂದ್ರು. ಅವರು ಹೇಳಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ನನಗೆ ಸಹಿಸೋಕಾಗದೆ ಇದ್ದದ್ದು ಬೀದಿಯವರ ಮಾತಲ್ಲ. ಅದಕ್ಕೆ ನನ್ನ ಬಾಯಿ ಸಾಕಿತ್ತು. ಪಕ್ಕದ ಬೀದಿ ಮೇಡಂ ತರಕಾರಿ ಗಾಡಿ ಹತ್ರ, ಬೆಂಕಿ ಇಲ್ಲದೆ ಹೊಗೆಯಾಡುತ್ತಾ ಅಂದಾಗ, ನಿಮ್ಮನೇಲಿ ಹೊಗೆಯಾಡಿದ ದಿನ ಬಂದು ಕೇಳ್ತೀನಿ ಬಿಡಿ ಅಂತ ಅಲ್ಲೇ ಕೊಟ್ಟೆ. ತಡೀಲಾಗದೆ ಇದ್ದದ್ದು ಅತ್ತೆಯ ಮೃದುತನ. ಮಗನ ತಟ್ಟೆಗೆ ಕೇಳದೇನೇ ಇನ್ನೊಂದು ಮುದ್ದೆ ಇಡೋರು. ಮಗ ಮನೇಲಿದ್ದಾಗ ಟೀವಿ ಹಾಕ್ತಿರಲಿಲ್ಲ. ಮೊದಲು ತಡವಾಗಿ ಬಂದ್ರೆ ಬಯ್ಯೋರು, ಈಗ ಬಯ್ಯೋದನ್ನೇ ಬಿಟ್ಟಿದ್ರು. ಜ್ವರ ಬಂದ ಮಗುವಿನ ಹತ್ರ ನಡ್ಕೊಳ್ಳೋ ಹಾಗೆ. ನಮ್ಮನೆಯವರಿಗೂ ಅದು ಗೊತ್ತಾಗ್ತಿತ್ತು. ಒಂದು ದಿನ ಕೈ ತೊಳೀತಾ, ‘ಅಮ್ಮ ನನ್ನ ಬಯ್ಯೋದು ಯಾವಾಗ ಬಿಟ್ರು?’ ಅಂತ ಕೇಳಿದ್ರು. ನಾನು ಕೈ ಒರೆಸೋಕೆ ಟವಲ್ಲು ಕೊಟ್ಟೆ.

ವಿಚಾರಣೆ ಮುಗೀತು. ಗಾಲಿಯನ್ನ ಕೆಳಗೆ ತಳ್ಳೋ ಭಾಗದ ಒಳಗೆ ಒಂದು ಬಿರುಕು ಇತ್ತಂತೆ, ಬಿಚ್ಚದೆ ಯಾರ ಕಣ್ಣಿಗೂ ಕಾಣೋದಲ್ಲ. ನೆಲದ ಸಿಬ್ಬಂದಿಯದು ಏನೂ ತಪ್ಪಿಲ್ಲ ಅಂತಾಯ್ತು. ಇನ್ನು ಮನೇಲಿ ಹೇಳ್ಕೋಬಹುದು ಅಂತ ಅಪ್ಪಣೆ ಸಿಕ್ಕಿದ ದಿನ ಅವರು ಮಧ್ಯಾಹ್ನವೇ ಬಂದು, ಶೂ ಕೂಡ ಬಿಚ್ಚದೆ ಅತ್ತೆ ಮುಂದೆ ನೆಲದ ಮೇಲೆ ಕೂತ್ರು.

‘ಅಮ್ಮಾ, ನಾನು ಮರೆತಿರಲಿಲ್ಲಮ್ಮ.’

ಎಲ್ಲಾ ಹೇಳಿದ್ರು. ಹೇಳ್ತಾ ಹೇಳ್ತಾ ಅತ್ರು. ಅತ್ತೆ ಅವರ ತಲೆ ಸವರಿ, ಆಯ್ತಪ್ಪ, ಆಯ್ತು, ಎದ್ದು ಊಟ ಮಾಡು ಅಂದ್ರು. ನಾನು ಒಳಗೆ ಹೋಗಿ ಸೆರಗಲ್ಲಿ ಮುಖ ಒರೆಸಿಕೊಂಡೆ, ಅಂತೂ ಮುಗೀತಲ್ಲ ಅಂತ. ತಪ್ಪಿಲ್ಲ ಅಂತಾಗಿದ್ದನ್ನೂ ತೋರಿಸಿ ಅಂತ ಚಾನೆಲ್ಲಿಗೂ ಫೋನ್ ಮಾಡಿದೆ. ಯಾರೋ ಹುಡುಗಿ ಮರ್ಯಾದೆಯಾಗೇ ಮಾತಾಡಿದಳು. ಅದು ಹಳೇ ಸುದ್ದಿ ಮೇಡಂ, ಈಗ ಯಾರೂ ನೋಡಲ್ಲ ಅಂದಳು.

ಆ ಸೋಮವಾರ ಮಂಡಿ ನೋವು ಅಂತ ಅತ್ತೆ ನನ್ನ ಕರ್ಕೊಂಡು ಹಲಸೂರಿನ ಸೋಮೇಶ್ವರನ ಗುಡಿಗೆ ಹೋದ್ರು. ಪ್ರತಿ ಸೋಮವಾರ ಹೋಗ್ತಿದ್ರು, ಒಬ್ಬರೇ. ಅರ್ಚನೆ ಯಾರ ಹೆಸರಿಗೆ ಅಂತ ಪೂಜಾರಪ್ಪ ಕೇಳಲೇ ಇಲ್ಲ, ಅವರಿಗೆ ಅಭ್ಯಾಸವಾಗಿತ್ತು. ಆ ಪೈಲಟ್ ಮಗೂಗೆ ತಾನೇ ಅಂತ ಅವರೇ ಅಂದು ತಟ್ಟೆ ತಗೊಂಡ್ರು. ಅತ್ತೆ ಕಣ್ಣು ಮುಚ್ಚಿ ಕೈ ಮುಗಿದು, ನನಗೆ ಕೇಳಿಸೋ ಹಾಗೇ ಬೇಡಿಕೊಂಡ್ರು: ‘ನನ್ನ ಮಗನ ಕೈಯಿಂದ ತಪ್ಪಾಗೋಯ್ತು ಸ್ವಾಮಿ. ಆ ಹುಡುಗನ್ನ ಹೆತ್ತೋಳ ಶಾಪ ನನಗೆ ತಟ್ಲಿ, ಅವನಿಗೆ ಬೇಡ.’

ಹೊರಗೆ ಬಂದು ಜಗಲಿ ಮೇಲೆ ಕೂತಾಗ ನನಗೆ ತಡೆಯಲಾಗಲಿಲ್ಲ. ಅತ್ತೆ, ಅವರು ಹೇಳಿದ್ರಲ್ಲ, ತಪ್ಪೇ ಆಗಿಲ್ಲ ಅಂತ, ಅಂದೆ.

‘ಹೇಳ್ದ ಕಣಮ್ಮ’ ಅಂದ್ರು ಅತ್ತೆ. ‘ನನಗೆ ನೋವಾಗಬಾರದು ಅಂತ ಹೇಳ್ದ. ಚಿಕ್ಕೋನಿದ್ದಾಗಿಂದ್ಲೂ ಹಂಗೇ ಅವನು. ನಿಜವಾಗಿದ್ರೆ ಟೀವಿಲಿ ಬರ್ತಿರ್ಲಿಲ್ವಾ?’

ಮಂಡಿ ಹಿಡ್ಕೊಂಡು ಎದ್ರು. ನಾನು ಕೈ ಕೊಟ್ಟೆ. ಮನೇಲಿ ನಮ್ಮನೆಯವರು, ಅಮ್ಮ ಈಗ ಸಮಾಧಾನವಾಗಿದಾರಾ ಅಂತ ಕೇಳಿದ್ರು. ಹೂಂ ರೀ, ಸಮಾಧಾನವಾಗಿದಾರೆ ಅಂದೆ.