ಅಳಗುಳಿ ಮಣೆಯ ಅತ್ತೆ

ನಮ್ಮ ಸೋದರತ್ತೆಯ ಬಲಗೈಯ ಕಿರುಬೆರಳು ಅರ್ಧವೇ ಇತ್ತು. ಭತ್ತ ಕೊಯ್ಯುವಾಗ ಕುಡುಗೋಲಿಗೆ ಸಿಕ್ಕಿ ಹೋದದ್ದು. ಆ ಮೋಟು ಬೆರಳನ್ನು ಒಳಕ್ಕೆ ಮಡಿಸಿ ಹಿಡಿ ತುಂಬ ಹುಣಿಸೆ ಬೀಜ ಎತ್ತಿಕೊಂಡರೆ ಒಂದು ಬೀಜವೂ ಜಾರುತ್ತಿರಲಿಲ್ಲ. ಅಳಗುಳಿ ಮಣೆಯ ಹದಿನಾಲ್ಕು ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗುವಾಗ ಅವಳು ಕಣ್ಣು ಕೂಡ ಮಿಟುಕಿಸುತ್ತಿರಲಿಲ್ಲ.

ಮಕ್ಕಳೇ, ಬೇಸಗೆ ರಜೆಗೆ ಬಂದಾಗಲೆಲ್ಲ ನೀವು ಅಳಗುಳಿ ಮಣೆ ತಂದು ಮುಂದಿಟ್ಟು ‘ಆಡಜ್ಜಿ’ ಎನ್ನುತ್ತೀರಿ. ನಾನು ಎದ್ದು ಹೋಗುತ್ತೇನೆ. ಬಾಯಲ್ಲಿ ಹೇಳಲು ನನ್ನಿಂದ ಆಗದು, ಅದಕ್ಕೇ ಬರೆದಿಡುತ್ತಿದ್ದೇನೆ.

ಅತ್ತೆ ಎಂದರೆ ಅಪ್ಪನ ತಂಗಿ. ಮಳವಳ್ಳಿ ಕಡೆಗೆ ಕೊಟ್ಟಿದ್ದರು. ಹದಿನೆಂಟಕ್ಕೇ ಗಂಡ ತೀರಿಕೊಂಡು, ಒಂದು ಬಟ್ಟೆ ಗಂಟು, ಒಂದು ಮಣೆ ಹಿಡಿದುಕೊಂಡು ನಮ್ಮ ಮನೆಗೆ ವಾಪಸು ಬಂದವಳು. ಮದುವೆ, ಸೀಮಂತಗಳಲ್ಲಿ ಅವಳನ್ನು ಯಾರೂ ಮುಂದಕ್ಕೆ ಕರೆಯುತ್ತಿರಲಿಲ್ಲ. ಆಟಕ್ಕೆ ಮಾತ್ರ ಕೇರಿಯ ಹೆಂಗಸರೆಲ್ಲ ಬರುತ್ತಿದ್ದರು. ಹೊಲದ ಕೆಲಸ, ಕೊಟ್ಟಿಗೆ ಕೆಲಸ ಮುಗಿದು ಮಧ್ಯಾಹ್ನ ಒಂದು ಗಳಿಗೆ ಬಿಡುವಾದರೆ ಸಾಕು, ಜಗಲಿಯ ಮೂಲೆಯಲ್ಲಿ ಮಣೆ ಬೀಳುತ್ತಿತ್ತು.

“ಗುಳಿ ಎಲ್ಲಾ ಗುಡಿಸ್ಕಂಡ್ಯಲ್ಲವ್ವ, ನಮ್ಗೂ ಎಲ್ಡು ಬೀಜ ಬುಡು,” ಎಂದು ಸೋತವರು ಗೊಣಗುವರು.

“ಬುಡಾಕೆ ಇದೇನು ನಿನ್ ಮಾವನ್ ಮನೆ ಕಣಜ್ವಾ?” ಎಂದು ಅತ್ತೆ ನಗುವಳು.

ಕಳ್ಳಾಟ ಮಾತ್ರ ಅವಳಿಗೆ ಆಗುತ್ತಿರಲಿಲ್ಲ. ಒಂದು ಸಲ ಬೀಜ ಕದ್ದವರ ಎದುರಿಗೆ ಇನ್ನೊಂದು ಸಲ ಕೂರುತ್ತಿರಲಿಲ್ಲ.

ಎರಡನೆಯ ಮಹಾಯುದ್ಧ ಶುರುವಾದ ಆಸುಪಾಸು ಇರಬೇಕು, ನನಗೆ ಒಂಬತ್ತು ವರ್ಷ. ನಿಡಘಟ್ಟದ ಆಚೆಯ ನಮ್ಮೂರಿನಲ್ಲಿ ಇಲಿ ಬಿದ್ದವು. ಇಲಿ ಸತ್ತು ಬಿದ್ದರೆ ಪ್ಲೇಗು ಬಂತೆಂದೇ ಅರ್ಥ. ಎರಡೇ ದಿನದಲ್ಲಿ ಊರು ಖಾಲಿಯಾಯಿತು. ಹೊಲಗಳಲ್ಲಿ ತೆಂಗಿನ ಗರಿಯ ಗುಡಿಸಲು ಹಾಕಿಕೊಂಡೆವು. ಊರಬಾಗಿಲಿಗೆ ಮುಳ್ಳು ಹಾಕಿದರು. ಯಾರಾದರೂ ಒಳಗೆ ಕಾಲಿಟ್ಟರೆ ಅವರ ಮನೆಯವರನ್ನೆಲ್ಲ ಗುಡಿಸಲಿನಿಂದಲೂ ಓಡಿಸುವುದೆಂದು ಪಟೇಲರು ಡಂಗುರ ಸಾರಿಸಿದರು. ಆ ಗಡಿಬಿಡಿಯಲ್ಲಿ ಮಣೆ ಮನೆಯಲ್ಲೇ ಉಳಿಯಿತು.

ಹೊಲದಲ್ಲಿ ದಿನಾ ಒಬ್ಬರನ್ನೋ ಇಬ್ಬರನ್ನೋ ಹೊತ್ತುಕೊಂಡು ಹೋಗುವುದನ್ನು ನೋಡುತ್ತಾ ಕೂರಬೇಕಿತ್ತು. ಒಂದು ದಿನ ಅತ್ತೆಯೂ ನಾನೂ ನೆಲದಲ್ಲೇ ಗುಳಿ ತೋಡಿಕೊಂಡು ಆಟಕ್ಕೆ ಕುಳಿತೆವು. ನನ್ನಜ್ಜಿ ಕಂಡವಳೇ ಓಡಿ ಬಂದು ಕಾಲಿನಿಂದ ಮಣ್ಣೆಳೆದು ಮುಚ್ಚಿದಳು.

“ಅಲ್ಲಿ ಎಣ ಊಳಾಕೆ ಗುಂಡಿ ತೋಡ್ತಾವ್ರೆ, ನೀವಿಲ್ಲಿ ಗುಳಿ ತೋಡ್ತೀರಾ? ಯಾರ್ನ ಕರ್ಯಾಕೆ?”

ಸಾವಿನ ಕಾಲದಲ್ಲಿ ಆಟಕ್ಕೆಂದು ನೆಲ ತೋಡಬಾರದು ಎಂದು ನಮ್ಮವರ ನಂಬಿಕೆ. ನಾನು ಮಣೆ ಬೇಕೆಂದು ಹಟ ಹಿಡಿದು ಎರಡು ದಿನ ಅಳುತ್ತಲೇ ಇದ್ದೆ.

ಮೂರನೆಯ ದಿನ ಮಧ್ಯಾಹ್ನ ಅತ್ತೆ ಹುಲ್ಲಿನ ಹೊರೆ ಹೊತ್ತು ಬಂದಳು. ಹೊರೆಯೊಳಗೆ ಮಣೆ ಇತ್ತು.

“ಊರಿಂದ ತಂದೆ ಅಂತ ಯಾರ್ಗೂ ಏಳ್ಬ್ಯಾಡ ಕಣೆ. ಆಣೆ ಮಾಡು.”

ಅವಳ ತಲೆ ಮುಟ್ಟಿ ಆಣೆ ಮಾಡಿದೆ. ಮೂರು ದಿನ ಹುಲ್ಲಿನ ಮೆದೆಯ ಹಿಂದೆ ಕದ್ದು ಆಡಿದೆವು. ನಕ್ಕರೆ ಸದ್ದಾಗುತ್ತದೆಂದು ಅವಳು ನನ್ನ ಬಾಯಿಗೆ ಸೆರಗು ತುರುಕುತ್ತಿದ್ದಳು.

ಮಾರನೆಯ ಬೆಳಿಗ್ಗೆ ಹೋದರೆ ಅತ್ತೆ ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದಳು.

“ನೆನ್ನೆ ಎಲ್ಡು ಬೀಜ ಲಂಗ್ದಾಗೆ ಬಚ್ಚಿಟ್ಕಂಡಿದ್ದೆ ನೀನು. ಕಳ್ಳಿ! ಇನ್ ನಿನ್ ಜೊತೆ ಆಡಾಕಿಲ್ಲ.”

“ಇಲ್ಲ ಕಣತ್ತೆ, ನಿನ್ನಾಣೆಗೂ ಇಲ್ಲ!”

“ಅತ್ರ ಬರ್ಬ್ಯಾಡ, ಓಗು ಅಂದ್ನಲ್ಲ!” ಎಂದು ಮಣ್ಣಿನ ಹೆಂಟೆ ಎತ್ತಿ ನನ್ನ ಕಡೆಗೆ ಎಸೆದಳು.

ಆಮೇಲೆ ಅಲ್ಲಿಂದಲೇ ಅವ್ವನನ್ನು ಕೂಗಿ, ತಾನು ಮುಟ್ಟಾಗಿದ್ದೇನೆಂದು ಹೇಳಿ, ದೂರದ ಹೊಂಗೆ ಮರದ ಕೆಳಗೆ ಹೋಗಿ ಕುಳಿತಳು. ಮುಟ್ಟಾದ ಹೆಂಗಸಿನ ಹತ್ತಿರ ಆಗ ಮೂರು ದಿನ ಯಾರೂ ಹೋಗುತ್ತಿರಲಿಲ್ಲ. ಮುದ್ದೆ, ನೀರು ದೂರದಲ್ಲಿಟ್ಟು ಬರಬೇಕು. ಅವ್ವ ಇಟ್ಟು ಬರುವಾಗ, “ಇನ್ನೂ ಇಂದಕ್ಕೆ ಇಡು ಅತ್ಗೆ,” ಎಂದು ಅತ್ತೆ ಕೂಗುತ್ತಿದ್ದಳು.

“ಯಾವತ್ತೂ ಇಲ್ದಿದ್ ಮಡಿ ಈಗ ಬಂದ್ಬುಡ್ತು ನಮ್ ದೊರೆಸಾನಿಗೆ,” ಎಂದು ಅಜ್ಜಿ ನಕ್ಕಳು.

ಮೂರನೆಯ ದಿನ ಸಂಜೆ ನಾನು ನೀರು ಹೊತ್ತು ಬರುತ್ತಿದ್ದೆ. ಮರದ ಕೆಳಗಿನಿಂದ ಅತ್ತೆ ಕರೆದಳು. ದನಿ ಒಡೆದು ಹೋಗಿತ್ತು.

“ಮಗಾ, ಅತ್ರ ಬರ್ಬ್ಯಾಡ. ಅಲ್ಲೇ ನಿಂತ್ಕಂಡು ಒಂದ್ ಮಾತಾಡು.”

ಕಳ್ಳಿ ಎಂದದ್ದು ನನಗೆ ಇನ್ನೂ ಉರಿಯುತ್ತಿತ್ತು. ಮುಖ ತಿರುಗಿಸಿಕೊಂಡು ಬಂದುಬಿಟ್ಟೆ.

ಬೆಳಿಗ್ಗೆ ಅವಳು ಏಳಲಿಲ್ಲ. ಅಪ್ಪ ಹೋಗಿ ನೋಡಿದಾಗ ಕಂಕುಳಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಇತ್ತಂತೆ. ಮಣೆ ಪಕ್ಕದಲ್ಲೇ ಇತ್ತು. ಅವಳು ಊರೊಳಗೆ ಹೋಗಿದ್ದಳೆಂದು ಆಗ ಮನೆಯವರಿಗೆ ಗೊತ್ತಾಯಿತು. ಅಪ್ಪ ಮಣೆಯನ್ನು ಸುಟ್ಟ, ತಂಗಿಯನ್ನು ಹೊಲದ ಬದುವಿನಲ್ಲೇ ಮಣ್ಣು ಮಾಡಿದ. ನಮ್ಮ ಗುಡಿಸಲಿನಲ್ಲಿ ಇನ್ನು ಯಾರಿಗೂ ಜ್ವರ ಬರಲಿಲ್ಲ.

ಎಷ್ಟೋ ದಿನದ ಮೇಲೆ ಅವ್ವ ಒಲೆ ಮುಂದೆ ಕುಳಿತು ಹೇಳಿದಳು: “ಅವ್ಳು ಮುಟ್ಟಾಗೇ ಇರ್ನಿಲ್ಲ ಕಣೆ. ಊರು ಬುಡೋ ದಿನ ತಾನೆ ಮುಟ್ಟು ಕಳ್ದು ನೀರಾಕ್ಕಂಡಿದ್ಲು. ಜ್ವರ ಬಂದಿದ್ ಗೊತ್ತಾಗಿ ನಮ್ಮುನ್ನೆಲ್ಲಾ ದೂರ ಇಡಾಕೆ ಅಂಗಂದ್ಲು.”

ನನ್ನನ್ನು ಕಳ್ಳಿ ಎಂದದ್ದು ಯಾಕೆಂದು ಆಗ ತಿಳಿಯಿತು. ಮುಟ್ಟು ಗಿಟ್ಟು ಎಂದಿದ್ದರೆ ನಾನು ಕೇಳುತ್ತಿರಲಿಲ್ಲ, ಹೋಗಿ ಅವಳ ತೊಡೆಯ ಮೇಲೆ ಕೂರುತ್ತಿದ್ದೆ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಒಂಬತ್ತು ವರ್ಷಕ್ಕೇ ಮುಗಿಯಬಹುದಾಗಿದ್ದ ಜೀವ ಇದು. ನಿಮ್ಮಪ್ಪ, ನಿಮ್ಮತ್ತೆಯರು, ನೀವು, ಎಲ್ಲ ಆಮೇಲೆ ಬಂದವರು. ಅತ್ತೆ ನನ್ನಿಂದ ಕೇಳಿದ್ದು ಒಂದು ಮಾತು. ಕೊನೆಯಲ್ಲಿ ನಿನ್ನನ್ನೇನಾದರೂ ಕರೆದಿದ್ದಳಾ ಎಂದು ಅವ್ವ ಆ ದಿನ ಒಲೆ ಮುಂದೆ ಕೇಳಿದಳು. ಕರೆದಿದ್ದರೂ ನನಗೆ ಕೇಳಿಸಲಿಲ್ಲ ಎಂದೆ. ಅವ್ವ ಸಾಯುವವರೆಗೂ ಅದನ್ನು ನಂಬಿದ್ದಳು.

ನನಗೆ ಕೇಳಿಸಿತ್ತು.